ರಾತ್ರಿ ಪಾಳಿಯನ್ನು ಕಾಣದ ತಪಾಸಣೆ

ಮಹಾರಾಷ್ಟ್ರದ ಚಾಕಣದ ಕಾರ್ಖಾನೆಗಳನ್ನು ನಂಬಿ ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ಬಂದವರ ಮನೆಗಳಲ್ಲಿ ಗಂಡ ಒಂದು ಪಾಳಿ, ಹೆಂಡತಿ ಇನ್ನೊಂದು ಪಾಳಿ. ಊರಲ್ಲಿದ್ದ ತಾಯಿಗೆ ಲಕ್ವ ಹೊಡೆದರೆ ಕರೆತಂದು ಎಲ್ಲಿಡುವುದು? ಕೊನೆಗೆ ಬಾಡಿಗೆ ಬಂಗಲೆಯಲ್ಲಿ ನಡೆಯುವ ಯಾವುದೋ ಆರೈಕೆ ಕೇಂದ್ರ ಹುಡುಕುತ್ತಾರೆ. ನೋಂದಣಿ ಆಗಿದೆಯೇ ಎಂದು ಕೇಳಿದರೆ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರ ತೋರಿಸುತ್ತಾರೆ. ಏನನ್ನು ನೋಡಿ ಕೊಟ್ಟ ಪತ್ರ ಅದು ಎಂದು ಕೇಳುವ ತ್ರಾಣ ಆ ಹೊತ್ತಿನಲ್ಲಿ ಯಾರಿಗಿರುತ್ತದೆ?

ಬಹಳಷ್ಟು ಸಲ ಅದು ಸಾರ್ವಜನಿಕ ನ್ಯಾಸದ ನೋಂದಣಿ. ಧರ್ಮಾದಾಯ ಆಯುಕ್ತರ ಕಚೇರಿ ನೋಡುವುದು ಟ್ರಸ್ಟಿನ ಆಸ್ತಿ, ಲೆಕ್ಕಪತ್ರ. ಹಾಸಿಗೆಯಲ್ಲಿ ಮಲಗಿದ ಜೀವ ಅದರ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು, 1949ರ ನರ್ಸಿಂಗ್ ಹೋಂ ನೋಂದಣಿ ಕಾಯ್ದೆ. ಕಾಯಿಲೆ, ಗಾಯ, ಅಶಕ್ತತೆಯಿಂದ ಬಳಲುವವರನ್ನು ಇರಿಸಿಕೊಂಡು ಚಿಕಿತ್ಸೆ, ಶುಶ್ರೂಷೆ ಕೊಡುವ ಜಾಗವೆಲ್ಲ ಇದರ ವ್ಯಾಪ್ತಿಗೆ ಬರುತ್ತದೆ. ಮೂರು ವರ್ಷಕ್ಕೊಮ್ಮೆ ನವೀಕರಣ, ಅಧಿಕಾರಿಗೆ ಒಳಹೊಕ್ಕು ನೋಡುವ ಅಧಿಕಾರ ಎಲ್ಲವೂ ಇದೆ. ಆದರೆ ಕಾಯ್ದೆ ಮನಸ್ಸಿನಲ್ಲಿಟ್ಟುಕೊಂಡದ್ದು ಗುಣವಾಗಿ ಮನೆಗೆ ಹೋಗುವ ರೋಗಿಯನ್ನು, ಹೆರಿಗೆಗೆ ಬಂದ ಹೆಣ್ಣನ್ನು. ವರ್ಷಗಟ್ಟಲೆ ಅಲ್ಲೇ ಬದುಕುವವರನ್ನಲ್ಲ. 'ನಮ್ಮದು ಆಸ್ಪತ್ರೆಯಲ್ಲ, ವೃದ್ಧಾಶ್ರಮ' ಎಂದುಬಿಟ್ಟರೆ ಆರೋಗ್ಯ ಇಲಾಖೆಯಿಂದ ನುಣುಚಿಕೊಳ್ಳಬಹುದು; 'ಇಲ್ಲಿ ಡಾಕ್ಟರ್ ಇದ್ದಾರೆ' ಎಂದು ಮನೆಯವರಿಂದ ಆಸ್ಪತ್ರೆಯ ದರವನ್ನೇ ವಸೂಲಿ ಮಾಡಬಹುದು. ಈ ಇಬ್ಬಂದಿತನ ನನಗೆ ಸಹಿಸಲಾಗದ್ದು.

ಹಿರಿಯ ನಾಗರಿಕರ 2007ರ ಕಾಯ್ದೆ ಇದನ್ನು ಸರಿಪಡಿಸಬಹುದಿತ್ತು. ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸಾಕಾಗುವ ಆಶ್ರಮವನ್ನು ರಾಜ್ಯಗಳು ಕಟ್ಟಬಹುದು ಎಂದಿತು. ಖಾಸಗಿ ಆರೈಕೆ ಮನೆಗಳ ನೋಂದಣಿಯ ಬಗ್ಗೆ ಚಕಾರವೆತ್ತಲಿಲ್ಲ. ಆ ಕೊರತೆ ತುಂಬಲು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, 2024ರಲ್ಲಿ ಸದನದ ಅವಧಿಯೊಂದಿಗೆ ಬಿದ್ದುಹೋಯಿತು.

ಇಷ್ಟಾಗಿ, ತಪಾಸಣೆ ನಡೆದರೂ ನೋಡುವುದೇನು? ಅಗ್ನಿಶಾಮಕ ಪತ್ರ, ವೈದ್ಯಕೀಯ ತ್ಯಾಜ್ಯದ ಒಪ್ಪಂದ, ಹಾಸಿಗೆಗಳ ಸಂಖ್ಯೆ. ಇವು ಬೇಕು, ಬೇಡವೆನ್ನುವುದಿಲ್ಲ. ಆದರೆ ಮುದುಕಿಯ ಹಿಮ್ಮಡಿ, ಸೊಂಟದ ಕೆಳಭಾಗ ನೋಡಿ. ತಾನಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅಲ್ಲಿ ಚರ್ಮ ಕೆಂಪಾಗಿ, ಆಮೇಲೆ ಒಡೆದು ಹಾಸಿಗೆ ಹುಣ್ಣಾಗುತ್ತದೆ. ಇಪ್ಪತ್ತು ಜನರಿಗೆ ರಾತ್ರಿ ಒಬ್ಬಳೇ ಮಾವಶಿ (ಆಯಾ) ಇದ್ದರೆ ಅವಳು ಎಷ್ಟು ಜನರನ್ನು ಹೊರಳಿಸಿಯಾಳು? ಹಗಲು ಹನ್ನೊಂದಕ್ಕೆ, ಮೊದಲೇ ಫೋನ್ ಮಾಡಿ ಬರುವ ಅಧಿಕಾರಿಗೆ ಇದು ತಿಳಿಯುವ ದಾರಿಯೇ ಇಲ್ಲ. ತಿಂಗಳಿಂದ ತಿಂಗಳಿಗೆ ಇಳಿದ ತೂಕ, ಬಿದ್ದವರ ದಾಖಲೆ, ಗಲಾಟೆ ಮಾಡದಿರಲೆಂದು ಕೊಟ್ಟ ನಿದ್ದೆ ಮಾತ್ರೆಯ ಲೆಕ್ಕ, ಮಂಚಕ್ಕೆ ಕಟ್ಟಿದ ಕೈಯ ಗುರುತು: ಆರೈಕೆ ಗೊತ್ತಾಗುವುದು ಇವುಗಳಿಂದ.

ಇಂಗ್ಲೆಂಡಿನಲ್ಲಿ ಆರೈಕೆ ಮನೆಗಳ ತಪಾಸಣಾ ವರದಿ ಯಾರು ಬೇಕಾದರೂ ಓದಬಹುದು. 2015ರಿಂದ ಪ್ರತಿ ಮನೆಯೂ ತನಗೆ ಸಿಕ್ಕ ದರ್ಜೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕುವುದು ಕಡ್ಡಾಯ. ಅಲ್ಲಿಯೂ ಹಗರಣಗಳು ನಡೆದಿವೆ, ಆ ವ್ಯವಸ್ಥೆಯನ್ನು ಆರಾಧಿಸಬೇಕಿಲ್ಲ. ಆದರೂ ಕೆಟ್ಟ ವರದಿಯನ್ನು ಮಗಳು ಮೊದಲೇ ಓದಬಲ್ಲಳು ಎಂಬುದು ದೊಡ್ಡ ಮಾತು.

ಚಾಕಣಕ್ಕೆ ದೆಹಲಿಯ ಹೊಸ ಮಸೂದೆ ಬರುವವರೆಗೆ ಕಾಯಬೇಕಾದ್ದೇನೂ ಇಲ್ಲ. ಮೂಗಿನ ನಳಿಕೆಯಿಂದ ಊಟ, ಮೂತ್ರದ ಕೊಳವೆ, ಇನ್ಸುಲಿನ್ ಇವನ್ನೆಲ್ಲ ನಿಭಾಯಿಸುವ ಮನೆ ತನ್ನನ್ನು ಏನೆಂದು ಕರೆದುಕೊಂಡರೂ ಮಾಡುತ್ತಿರುವುದು ಶುಶ್ರೂಷೆಯೇ. ಅದನ್ನು 1949ರ ಕಾಯ್ದೆಯಡಿ ತರಬೇಕು. ಆ ಕಾಯ್ದೆಯ ನಿಯಮಗಳನ್ನು ಮಹಾರಾಷ್ಟ್ರ ಸರ್ಕಾರ 2021ರಲ್ಲಿ ತಿದ್ದಿ ರೋಗಿಗಳ ಹಕ್ಕುಪಟ್ಟಿ ಸೇರಿಸಿತು. ದೀರ್ಘಾವಧಿ ಆರೈಕೆಗೆ ಪ್ರತ್ಯೇಕ ಅಧ್ಯಾಯ, ರಾತ್ರಿ ಪಾಳಿಗೆ ಕನಿಷ್ಠ ಸಿಬ್ಬಂದಿ, ಮುನ್ಸೂಚನೆಯಿಲ್ಲದ ಭೇಟಿ, ವರದಿಯ ಪ್ರಕಟಣೆ, ಇಷ್ಟನ್ನು ಅದೇ ಹಾದಿಯಲ್ಲಿ ಒಂದು ಅಧಿಸೂಚನೆಯಿಂದಲೇ ತರಬಹುದು.