ಚರ್ಮದ ಬಳಿ ನಿಂತ ಶೋಧ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಕುಡಿಯುತ್ತಿದ್ದ ನೀರಿನಲ್ಲಿ ಆರ್ಸೆನಿಕ್ ಎಷ್ಟಿತ್ತು, ಅದು ಅವರ ಮೈಗೆ ಏನು ಮಾಡಿತು ಎಂಬುದನ್ನು ಅಳತೆ ಸಮೇತ ದಾಖಲಿಸಿದ ಸಂಶೋಧನಾ ಲೇಖನವೊಂದು 2013ರಲ್ಲಿ 'ಜರ್ನಲ್ ಆಫ್ ಹಜಾರ್ಡಸ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಬಂತು. ಬರೆದವರು ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು. ಬಂಗಾಳದ ಆರ್ಸೆನಿಕ್ ಪಿಡುಗಿನ ಬೆನ್ನುಹತ್ತಿ ದಶಕಗಳನ್ನು ಕಳೆದ ವಿಜ್ಞಾನಿ ಚಕ್ರವರ್ತಿ. ಯಾದಗಿರಿ ಜಿಲ್ಲೆಯ ಆರೋಗ್ಯದ ಬಗ್ಗೆ ಯೋಚಿಸುವವರು ಓದಲೇಬೇಕಾದ ಕೆಲಸವಿದು. ಆದರೆ ಒಬ್ಬರ ಮೈಯಲ್ಲೇ ಒಂದರ ಮೇಲೊಂದು ಕೂಡಿಕೊಳ್ಳುವ ದೀರ್ಘಕಾಲದ ಕಾಯಿಲೆಗಳನ್ನು ಅರಿಯಲು ಇದು ಎಷ್ಟು ಸಾಕು? ಆ ಪ್ರಶ್ನೆ ಇಟ್ಟುಕೊಂಡು ಓದಿದಾಗ ಅದರ ಬಲದ ಜೊತೆಗೆ ಮಿತಿಯೂ ತಿಳಿಯುತ್ತದೆ.

ಮೊದಲು ಬಲ. ತಾಂಡಾ ಇರುವುದು ಸುರಪುರ ಸೀಮೆಯದೇ ಆದ ಮಂಗಳೂರು ಎಂಬ ಊರಿನ ಸುತ್ತಲಿನ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿ. ಚಿನ್ನವಿರುವ ಕಲ್ಲಿನಲ್ಲಿ ಆರ್ಸೆನಿಕ್ ಖನಿಜವೂ ಬೆರೆತಿರುವುದು ಸಾಮಾನ್ಯ. ಸಂಶೋಧಕರು ಪರೀಕ್ಷಿಸಿದ 59 ಕೊಳವೆ ಬಾವಿ ನೀರಿನ ಮಾದರಿಗಳಲ್ಲಿ 79% ಮಾದರಿಗಳು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದವು. ಅತಿ ಹೆಚ್ಚಿನದು 303. ಅವರು ನೀರಿಗೇ ನಿಲ್ಲಲಿಲ್ಲ. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗೂ ಮೀರಿದ ಆರ್ಸೆನಿಕ್ ಸಿಕ್ಕಿತು. 171 ಮಂದಿಯ ಕೂದಲು, ಉಗುರುಗಳಲ್ಲೆಲ್ಲ ಅದು ಹೆಚ್ಚಾಗಿತ್ತು. ತಪಾಸಣೆ ಮಾಡಿದ 181 ಜನರಲ್ಲಿ 58.6% ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ಗುರುತುಗಳಿದ್ದವು. ನೀರು, ಮಣ್ಣು, ಆಹಾರ, ಮೈ ಎಲ್ಲವನ್ನೂ ಒಟ್ಟಿಗೆ ಅಳೆದದ್ದರಿಂದ, ಇದು ಬರೀ ತುರಿಕೆ ಎಂದು ತಳ್ಳಿಹಾಕುವ ದಾರಿ ಮುಚ್ಚಿತು. ನೀರೇ ಮುಖ್ಯ ಕಾರಣವಿರಬೇಕು, ಮಣ್ಣಿನ ಪಾಲೂ ಇರಬಹುದು ಎಂದಷ್ಟೇ ಹೇಳಿ, ಇನ್ನಷ್ಟು ಅಧ್ಯಯನ ಬೇಕು ಎಂದ ಅವರ ಎಚ್ಚರವೂ ಮೆಚ್ಚುವಂಥದ್ದು.

ಇನ್ನು ಮಿತಿ. ಚರ್ಮದ ತುಣುಕು ತೆಗೆದು ಪರೀಕ್ಷಿಸಿದ್ದು ನಾಲ್ವರಲ್ಲಿ, ಖಚಿತವಾದದ್ದು ಮೂವರಲ್ಲಿ. ಕೂದಲಿಗೆ ಅದೇ ನೀರಿನ ಸ್ನಾನದಿಂದಲೂ ಆರ್ಸೆನಿಕ್ ಅಂಟಬಹುದಾದ್ದರಿಂದ ಮೈಯೊಳಗೆ ಹೋದದ್ದೆಷ್ಟು ಎಂಬುದಕ್ಕೆ ಮೂತ್ರ ಪರೀಕ್ಷೆ ಇನ್ನೂ ನೇರವಾದ ಸಾಕ್ಷಿ. ಇವು ಸಣ್ಣ ಕೊರತೆಗಳು. ದೊಡ್ಡ ಕೊರತೆಯೆಂದರೆ, ಕಾಯಿಲೆಯ ಮುಖ್ಯ ಅಳತೆ ಚರ್ಮವೇ ಆಯಿತು. ಆರ್ಸೆನಿಕ್ ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ, ಅಲ್ಲಿಗೇ ನಿಲ್ಲುವುದಿಲ್ಲ. ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್‌ಗೆ ಅದು ಕಾರಣ. ಹೆಚ್ಚು ಪ್ರಮಾಣದಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ನರಗಳ ಜೋಮಿನೊಂದಿಗೂ ಅದರ ನಂಟಿದೆ. ಅಂಗೈ ಗಡುಸಾದ, ಉಸಿರು ಹಿಡಿಯುವ, ಸಕ್ಕರೆ ಏರಿದ ಒಬ್ಬ ಹೆಂಗಸು ಇಂಥ ಲೆಕ್ಕದಲ್ಲಿ 'ಚರ್ಮದ ಗುರುತು ಇದೆ' ಎಂಬ ಒಂದು ಎಣಿಕೆಯಾಗಿ ಉಳಿದುಬಿಡುತ್ತಾಳೆ.

ಈ ಕಾಯಿಲೆಗಳ ನಡುವಿನ ಒಂದು ಕೊಂಡಿ ರೋಗನಿರೋಧಕ ವ್ಯವಸ್ಥೆ ಇರಬಹುದು. ಬಾಂಗ್ಲಾದೇಶದ ಮತಲಬ್‌ನಲ್ಲಿ ಬೇರೆ ಸಂಶೋಧಕರು ಗರ್ಭಿಣಿಯರ ಮೂತ್ರದ ಆರ್ಸೆನಿಕ್ ಅಳೆದು, ಹುಟ್ಟಿದ ಮಕ್ಕಳನ್ನು ಗಮನಿಸುತ್ತ ಹೋದರು. ಪ್ರಮಾಣ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಥೈಮಸ್ ಗ್ರಂಥಿ ಚಿಕ್ಕದಿತ್ತು. ಸೋಂಕಿನ ವಿರುದ್ಧ ಕಾದಾಡುವ ಟಿ ಕೋಶಗಳು ಪಳಗುವುದು ಈ ಗ್ರಂಥಿಯಲ್ಲೇ. ಚಿಲಿಯ ಆಂತೊಫಗಾಸ್ತಾ ನಗರದ ಜನ 1958ರಿಂದ 1970ರವರೆಗೆ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದ ನೀರು ಕುಡಿದರು. ಗರ್ಭದಲ್ಲಿ, ಎಳವೆಯಲ್ಲಿ ಅದಕ್ಕೆ ಒಳಗಾದವರು ಮುಂದೆ ಐವತ್ತಾಗುವ ಮುನ್ನವೇ ಶ್ವಾಸಕೋಶದ ಕಾಯಿಲೆಗಳಿಂದ ಸತ್ತ ಪ್ರಮಾಣ ಹಲವು ಪಟ್ಟು ಹೆಚ್ಚಿತ್ತು. ಕ್ಷಯದ ಸಾವುಗಳೂ ಅಲ್ಲಿ ಹೆಚ್ಚಿದ ಸುಳಿವುಗಳಿವೆ. ನೀರು ಬದಲಾದ ಮೇಲೂ ಕಾಯಿಲೆ ಬರುತ್ತಲೇ ಇರುತ್ತದೆ ಎಂಬುದು ಕಿರದಳ್ಳಿಗೆ ಮುಖ್ಯವಾಗಬೇಕಾದ ಪಾಠ. ಒಂದೇ ಸಲದ ತಪಾಸಣೆಗೆ ಇದು ಸಿಗುವುದಿಲ್ಲ.

ಹಾಗೆಂದು ಸುರಪುರ, ಶಹಾಪುರ ಭಾಗದ ಪ್ರತಿ ಸಕ್ಕರೆ ಕಾಯಿಲೆಯನ್ನೂ ಆರ್ಸೆನಿಕ್ ತಲೆಗೆ ಕಟ್ಟುವುದು ತಪ್ಪು. ಒಂದು ತಾಂಡಾದ 58.6% ಇಡೀ ತಾಲ್ಲೂಕಿನ ಲೆಕ್ಕವಲ್ಲ. ಇಲ್ಲಿನ ಕೊಳವೆ ಬಾವಿಗಳಿಗೆ ಫ್ಲೋರೈಡಿನ ತೊಂದರೆ ಬೇರೆ ಇದೆ. ಮೈಗೆ ಹೊಕ್ಕ ಆರ್ಸೆನಿಕ್ಕನ್ನು ಯಕೃತ್ತು ರೂಪ ಬದಲಿಸಿ ಮೂತ್ರದ ಮೂಲಕ ಹೊರಹಾಕಲು ಫೋಲೇಟ್, ಪ್ರೋಟೀನ್ ಬೇಕು. ಉಂಡು ತಿನ್ನಲು ಕೊರತೆ ಇದ್ದವರಿಗೆ ಅದೇ ನೀರು ಹೆಚ್ಚು ಕಾಡುತ್ತದೆ. ಆರೋಗ್ಯ, ಪೌಷ್ಟಿಕತೆಯಂಥವುಗಳಲ್ಲಿ ಹಿಂದುಳಿದ ಜಿಲ್ಲೆಗಳಿಗೆಂದು ಕೇಂದ್ರ ಸರ್ಕಾರ ಮಾಡಿದ 2018ರ 'ಮಹತ್ವಾಕಾಂಕ್ಷಿ ಜಿಲ್ಲೆಗಳ' ಪಟ್ಟಿಯಲ್ಲಿ ಯಾದಗಿರಿ ಸೇರಿರುವುದನ್ನು ಇದರ ಜೊತೆಗೇ ಓದಬೇಕು. ಯಾವುದರ ಪಾಲು ಎಷ್ಟು ಎಂದು ಬಿಡಿಸಲು ಅದೇ ಜನರನ್ನು ವರ್ಷಗಟ್ಟಲೆ ಗಮನಿಸುವುದೊಂದೇ ದಾರಿ. ಗುಳೆ ಹೋಗುವ ಜನರಲ್ಲಿ ಅದು ಕಷ್ಟ, ಆದರೆ ಅವರು ಹಬ್ಬಕ್ಕೆ, ಬಿತ್ತನೆಗೆ ಊರಿಗೆ ಬಂದೇ ಬರುತ್ತಾರೆ.

ಒಂದೊಂದೇ ಕಾಯಿಲೆಯನ್ನು ಬಿಡಿಯಾಗಿ ನೋಡುವ ಕೊರತೆ ನಮ್ಮ ದವಾಖಾನೆಗಳ ರೂಢಿಯಲ್ಲೂ ಇದೆ. ಚರ್ಮಕ್ಕೆ ಒಂದು ಕಡೆ ಮುಲಾಮು, ಸಕ್ಕರೆಗೆ ಇನ್ನೊಂದು ಕಡೆ ಗುಳಿಗೆ, ಕೆಮ್ಮಿಗೆ ಕಲಬುರಗಿಯ ದಾರಿ. ಮೂರೂ ಚೀಟಿಗಳನ್ನು ಒಟ್ಟಿಗಿಟ್ಟು ಓದುವ ಹೊಣೆ ರೋಗಿಯ ಮೇಲೇ ಬೀಳುತ್ತದೆ. ಯಾದಗಿರಿಯಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ತಾಂಡಾದ ಪ್ರತಿಯೊಬ್ಬರಿಗೂ ಒಂದೇ ಕಡತ ತೆರೆದು, ಯಾವ ಬೋರಿನ ನೀರನ್ನು ಎಷ್ಟು ವರ್ಷ ಕುಡಿದರು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಮೂತ್ರ, ಸಕ್ಕರೆ, ಉಸಿರಾಟದ ಪರೀಕ್ಷೆ, ಮಕ್ಕಳಲ್ಲಿ ಮರುಕಳಿಸುವ ಸೋಂಕಿನ ಲೆಕ್ಕ ಅದೇ ಕಡತಕ್ಕೆ ಸೇರಬೇಕು. 2013ರ ಅಧ್ಯಯನ ವಿಷವನ್ನು ಸಾಬೀತುಮಾಡಿ ತನ್ನ ಕೆಲಸ ಮುಗಿಸಿತು. ಆ ವಿಷ ಕುಡಿದವರ ಜೊತೆ ಕೊನೆಯವರೆಗೂ ಇರುವ ಕೆಲಸ ಜಿಲ್ಲೆಯದು, ರಾಜ್ಯದ್ದು. ಅದನ್ನು ಬೇಡುವ ಪೂರ್ತಿ ಹಕ್ಕು ಆ ತಾಂಡಾಕ್ಕಿದೆ.