ಗುಂಡಿಯಲ್ಲಿ ಕಂಡ ಮೊಸಳೆ

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿ ರಚಿಸಿದ ಭಿತ್ತಿಚಿತ್ರಗಳು ಶತಮಾನ ಕಳೆದರೂ ಜೋಪಾನವಾಗಿವೆ. ಬಾದಲ್ ನಂಜುಂಡಸ್ವಾಮಿಯವರ ಬೀದಿಕಲೆಗೆ ಆ ಭಾಗ್ಯವಿಲ್ಲ; ಅದು ಅಳಿದಾಗಲೇ ಗೆದ್ದಂತೆ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಈ ಚಿತ್ರಕಾರರು 2015ರಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಗುಂಡಿಯನ್ನು ಕೊಳವಾಗಿಸಿ, ಸುಮಾರು 20 ಕಿಲೋ ತೂಕದ ಮೊಸಳೆಯೊಂದನ್ನು ಅದರಲ್ಲಿ ಇರಿಸಿದರು. ಬಿದ್ದು ನೊಂದವರ ಪರವಾಗಿ ಅದು ಬಾಯ್ದೆರೆಯಿತು. ಗುಂಡಿ ಮುಚ್ಚಿತು, ಮೊಸಳೆಯೂ ಹೋಯಿತು. 2019ರಲ್ಲಿ ಹಾಳುಬಿದ್ದ ರಸ್ತೆಯನ್ನು ಚಂದ್ರನ ನೆಲವೆಂಬಂತೆ ತೋರಿಸಿದ ಗಗನಯಾತ್ರಿಯ ನಡಿಗೆ ಹೆಚ್ಚು ಪ್ರಸಿದ್ಧ. ನನಗೇಕೋ ಮೊಸಳೆಯೇ ಮೇಲೆನಿಸುತ್ತದೆ. ಗಗನಯಾತ್ರಿಗೆ ಕ್ಯಾಮೆರಾ ಬೇಕಾಯಿತು. ಮೊಸಳೆಗೆ ದಾರಿಹೋಕರ ಕಣ್ಣೇ ಸಾಕಿತ್ತು. ಆದರೂ ಅದು ರಾಜಧಾನಿಯ ಗುಂಡಿ, ಪತ್ರಿಕೆಗಳೆಲ್ಲ ಓಡಿಬಂದವು. ನಮ್ಮ ಆಳಂದ ಸೀಮೆಯ ಖಜೂರಿಯಲ್ಲಿ ಅಂಥದೊಂದು ಮೊಸಳೆಯನ್ನು ಇಳಿಸಿದರೆ ನೋಡಲು ಯಾರು ಬಂದಾರು?