ಗಿಣ್ಣಿಗೂ ಮೊದಲು ಕೆಚ್ಚಲೊಳಗೆ

ಕರು ಹಾಕಿದ ಮೇಲೆಯೇ ಹಸುವಿನ ಕೆಚ್ಚಲಲ್ಲಿ ಹಾಲು ಹುಟ್ಟುತ್ತದೆ ಎಂಬ ಎಣಿಕೆ ರೂಢಿಯಲ್ಲಿದ್ದರೂ, ಸುಮಾರು 280 ದಿನಗಳ ಗಬ್ಬದ ಕೊನೆಯ ಹಂತದಲ್ಲಿಯೇ ಆ ಕೆಲಸ ಆರಂಭವಾಗಿರುತ್ತದೆ. ಕೆಚ್ಚಲಿನ ನಾಲ್ಕೂ ಭಾಗಗಳಲ್ಲಿ ಬರಿಗಣ್ಣಿಗೆ ಎಟುಕದಷ್ಟು ಸಣ್ಣ ಗುಳ್ಳೆಗಳು ಲೆಕ್ಕವಿಲ್ಲದಷ್ಟಿದ್ದು, ಅವುಗಳ ಒಳಗೋಡೆಯ ಜೀವಕೋಶಗಳು ರಕ್ತದಿಂದ ಸಾರವನ್ನು ಹೀರಿ ಹಾಲನ್ನು ತಯಾರಿಸುತ್ತವೆ. ದಿನ ತುಂಬುತ್ತ ಬಂದಂತೆ ಈ ಕೋಶಗಳು ಪ್ರೋಟೀನು, ಕೊಬ್ಬುಗಳನ್ನು ಅಲ್ಪಸ್ವಲ್ಪ ಕೂಡಿಸತೊಡಗುತ್ತವೆಯಾದರೂ, ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ರಕ್ತದಲ್ಲಿ ಹೆಚ್ಚಾಗಿರುವವರೆಗೆ ಹಾಲು ಧಾರಾಳವಾಗಿ ಇಳಿಯುವುದಿಲ್ಲ.

ಆ ತಡೆಯನ್ನು ತೆಗೆಯುವುದು ಹೊಟ್ಟೆಯಲ್ಲಿರುವ ಕರುವೇ ಎಂಬುದು ಈ ವಿದ್ಯಮಾನದ ಅತ್ಯಂತ ಸೊಗಸಾದ ಭಾಗ. ಬೆಳವಣಿಗೆ ಪೂರ್ಣಗೊಂಡ ಕರುವಿನ ಅಡ್ರಿನಲ್ ಗ್ರಂಥಿ ಸ್ರವಿಸುವ ಕಾರ್ಟಿಸಾಲ್, ಹೆರಿಗೆಗೆ ಚಾಲನೆ ಕೊಡುವುದರ ಜೊತೆಗೆ ತಾಯಿಯ ಪ್ರೊಜೆಸ್ಟರಾನ್ ಕುಸಿಯುವಂತೆಯೂ ಮಾಡುತ್ತದೆ. ಅದೇ ವೇಳೆಗೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಹೆಚ್ಚಾಗಿ ಹರಿದು, ಕೆಚ್ಚಲಿನ ಕೋಶಗಳು ಆಲ್ಫಾ ಲ್ಯಾಕ್ಟಾಲ್ಬುಮಿನ್ ಎಂಬ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತವೆ, ಅದರ ನೆರವಿನಿಂದ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ರೂಪುಗೊಳ್ಳುತ್ತದೆ. ಈ ಸಕ್ಕರೆ ಶೇಖರವಾದೆಡೆಗೆ ನೀರು ತಾನಾಗಿ ಹರಿದು ಬರುವುದರಿಂದ, ಹಸು ಎಷ್ಟು ಲೀಟರು ಕರೆಯುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಲ್ಯಾಕ್ಟೋಸೇ ಹೊರತು ಕೊಬ್ಬಲ್ಲ. ಚೊಚ್ಚಲ ಕಡಸಿನ ಕೆಚ್ಚಲು ಈ ದಿನಗಳಲ್ಲಿ ಬೆರಳಿನಿಂದ ಒತ್ತಿದರೆ ಗುಳಿ ಉಳಿಯುವಷ್ಟು ಊದಿಕೊಳ್ಳುವುದುಂಟು. ಅದು ಚರ್ಮದಡಿ ನೀರು ತುಂಬಿದ ಬಾವು, ಅದನ್ನು ಹಾಲಿನ ಅಳತೆಯೆಂದು ನಂಬಿ ಬೆಲೆ ಕಟ್ಟುವುದು ಸರಿಯಲ್ಲ.

ಮೊದಲ ಕರಾವಿನಲ್ಲಿ ಸಿಗುವ ಹಳದಿ ಬಣ್ಣದ ಗಿಣ್ಣು ಹಾಲು ಮಂದವಾಗಿ, ಹುಳಿ ಹಾಕದೆಯೂ ಕಾವಿಗೆ ಗಟ್ಟಿಯಾಗುವುದು ಅದರಲ್ಲಿರುವ ಪ್ರೋಟೀನುಗಳ ಸಮೃದ್ಧಿಯಿಂದ. ಅವುಗಳಲ್ಲಿ ಮುಖ್ಯವಾದವು ಪ್ರತಿಕಾಯಗಳು, ಅಂದರೆ ಸೋಂಕನ್ನು ಎದುರಿಸುವ ಪ್ರೋಟೀನುಗಳು, ಗಬ್ಬದ ಕೊನೆಯ ವಾರಗಳಲ್ಲಿ ತಾಯಿಯ ರಕ್ತದಿಂದ ಕೆಚ್ಚಲಿಗೆ ಬಂದು ಸೇರಿದಂಥವು. ಮನುಷ್ಯರಲ್ಲಿ ಇವು ಗರ್ಭದಲ್ಲಿರುವಾಗಲೇ ಮಗುವಿಗೆ ದಾಟುತ್ತವೆ, ಆದರೆ ಹಸುವಿನ ಮಾಸು ಅವುಗಳನ್ನು ದಾಟಗೊಡದ ಕಾರಣ ಕರು ಆ ರಕ್ಷಣೆಯಿಲ್ಲದೆಯೇ ಹುಟ್ಟುತ್ತದೆ. ಅದರ ಕರುಳು ಈ ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳಬಲ್ಲದ್ದು ಹುಟ್ಟಿದ ಸುಮಾರು 24 ಗಂಟೆಗಳವರೆಗೆ ಮಾತ್ರ, ಅದರಲ್ಲಿಯೂ ಮೊದಲ ಕೆಲವು ಗಂಟೆಗಳಲ್ಲಿ ಅತಿ ಹೆಚ್ಚು. ದೇಹತೂಕದ ಹತ್ತನೆಯ ಒಂದು ಭಾಗದಷ್ಟು ಗಿಣ್ಣು, ಎಂದರೆ 30 ಕಿಲೋ ತೂಗುವ ಕರುವಿಗೆ ಸುಮಾರು 3 ಲೀಟರು, ಆ ಅವಧಿಯಲ್ಲಿ ಅದರ ಹೊಟ್ಟೆ ಸೇರಲೇಬೇಕು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣಿನ ರುಚಿಯನ್ನು ಬಲ್ಲವರು, ಕರುವಿನ ಪಾಲು ಕೊಟ್ಟಾಯಿತೇ ಎಂದು ಕೇಳಿದ ನಂತರವೇ ಅದನ್ನು ಕೊಳ್ಳಬೇಕು.